ಸಿದ್ದಲಿಂಗವ್ವನ ಕೈಗುಣ

ಕೆರೂರಿನಿಂದ ಬಾಗಲಕೋಟೆಗೆ ಹೊರಟ ಬಸ್ಸಿನಲ್ಲಿ, ಮಗ, ಸೊಸೆ, ಮೊಮ್ಮಗಳ ಜೊತೆ ದವಾಖಾನೆಗೆ ಹೋಗುತ್ತಿದ್ದ ಸಿದ್ದಲಿಂಗವ್ವ ಕಟಕಟೆ ಹತ್ತಲಿರುವ ಆರೋಪಿಯ ಹಾಗೆ ಮನಸ್ಸಿನಲ್ಲೇ ಜವಾಬು ತಯಾರು ಮಾಡುತ್ತ ಕೂತಿದ್ದಳು. ಹದಿಮೂರು ವರ್ಷದ ಮೊಮ್ಮಗಳು ಪದ್ಮಶ್ರೀಯ ಕೈ ಮೂರು ತಿಂಗಳಿಂದ ನಡುಗುತ್ತಿತ್ತು, ಅಂಗಳದ ರಂಗೋಲಿ ಸೊಟ್ಟಗಾಗುತ್ತಿತ್ತು. ಡಾಕ್ಟರು ಕಣ್ಣು ನೋಡಿದರು, ರಕ್ತ ನೋಡಿದರು, ಕೊನೆಗೆ ವಿಲ್ಸನ್ ಕಾಯಿಲೆ ಎಂದರು. ಮೈಯೊಳಗಿನ ತಾಮ್ರ ಹೊರಗೆ ಹೋಗದೆ ಉಳಿದುಬಿಡುವ ಅಪರೂಪದ ಕಾಯಿಲೆಯಂತೆ. ಗುಳಿಗೆ ತಪ್ಪಿಸದಿದ್ದರೆ ಹುಡುಗಿ ಚೆನ್ನಾಗಿರುತ್ತಾಳೆ ಎಂದೂ ಹೇಳಿದರು. ಮನೆಯವರಿಗೆಲ್ಲ ಆ ಕೊನೆಯ ಮಾತು ಕೇಳಿಸಿತು. ಸಿದ್ದಲಿಂಗವ್ವನಿಗೆ ಕೇಳಿಸಿದ್ದು ತಾಮ್ರ ಒಂದೇ.

ದಿನಾ ಬೆಳಗಾಗುತ್ತಲೇ ಮನೆಮಂದಿಗೆಲ್ಲ ತಾಮ್ರದ ತಂಬಿಗೆಯ ನೀರು ಕುಡಿಸುತ್ತಿದ್ದವಳು ಅವಳೇ ತಾನೆ! ಅದು ಆರೋಗ್ಯಕ್ಕೆ ಒಳ್ಳೆಯದೆಂದು ಮಗ ಶಂಕರಲಿಂಗನ ಮೊಬೈಲಿಗೆ ಬಂದ ಯಾವುದೋ ಸಂದೇಶ ಹೇಳಿತ್ತು. ಆದರೆ ಸಂದೇಶವನ್ನು ಜುಟ್ಟು ಹಿಡಿದು ಕೇಳುವವರು ಯಾರು? ಡಾಕ್ಟರು ಹೇಳಿದ ದಿನವೇ ಅವಳು ಮನೆಯ ತಾಮ್ರವನ್ನೆಲ್ಲ ಹಳೆಯ ಇಲಕಲ್ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಸಾಗಿಸಿದಳು.

"ಅತ್ತಿ, ಜಳಕದ ಹಂಡೆ ಯಾಕ ಒಯ್ದ್ರಿ? ಅದರಾಗಿನ ನೀರು ಯಾರ ಕುಡಿತಾರ?" ಎಂದು ಸೊಸೆ ದಾನೇಶ್ವರಿ ಕೇಳಿದರೂ ಹಂಡೆ ಕೆಳಗಿಳಿಯಲಿಲ್ಲ.

ಸಿದ್ದಲಿಂಗವ್ವನ ಮೇಲೆ ಹಳೆಯ ಕೇಸೂ ಒಂದಿತ್ತು. ನಲವತ್ತು ವರ್ಷದ ಹಿಂದೆ ಅವಳ ಚೊಚ್ಚಲ ಮಗಳು ಹೀಗೇ ಕೈ ನಡುಗಿ, ಆಮೇಲೆ ಕಾಮಾಲೆಯಾಗಿ ಹನ್ನೆರಡನೆಯ ವಯಸ್ಸಿಗೇ ತೀರಿಕೊಂಡಿದ್ದಳು. ಅತ್ತೆ ಶಾರವ್ವ ನಾಲ್ಕು ಮಂದಿಯ ಮುಂದೆ ತೀರ್ಪು ಕೊಟ್ಟಿದ್ದಳು: "ಇಕಿ ಕೈಗುಣ ಸರಿ ಇಲ್ಲ. ಇಕಿ ಕೈಲೆ ಉಂಡ ಕೂಸು ಉಳಿಯೂದಿಲ್ಲ." ಸಿದ್ದಲಿಂಗವ್ವ ಮದುವೆಯಾದದ್ದು ಸೋದರಮಾವ ಸಂಗಯ್ಯನನ್ನು, ಹಾಗಾಗಿ ಅತ್ತೆಯೆಂದರೆ ಅವಳ ಅವ್ವನ ಅವ್ವ. ಹೊರಗಿನವರು ಅಂದಿದ್ದರೆ ತಿರುಗಿ ಬೈಯಬಹುದಿತ್ತು. ಎತ್ತಿ ಆಡಿಸಿದ ಅಜ್ಜಿಯ ಮಾತನ್ನು ಅವಳು ನಂಬಿಬಿಟ್ಟಳು. ಅಂದಿನಿಂದ ಆ ಮನೆಯಲ್ಲಿ ಮಗಳ ಹೆಸರನ್ನು ಯಾರೂ ಎತ್ತಲಿಲ್ಲ.

ದವಾಖಾನೆಯಲ್ಲಿ ಮಲಿಕಾ ಎಂಬ ಹುಡುಗಿ ಕಾಯುತ್ತಿದ್ದಳು. ಜೀನ್ ಪರೀಕ್ಷೆಯ ವರದಿಯನ್ನು ಮನೆಯವರಿಗೆ ಬಿಡಿಸಿ ಹೇಳುವುದು ಅವಳ ಕೆಲಸ. ದೊಡ್ಡ ಹಾಳೆ ಹರವಿ, ಗಂಡಸರಿಗೆ ಚೌಕ, ಹೆಂಗಸರಿಗೆ ಸುತ್ತು ಹಾಕಿ, ವಂಶದ ನಕಾಶೆ ಬರೆಯತೊಡಗಿದಳು.

"ದಾನೇಶ್ವರಿಯವರು ನಿಮ್ಮ ಸೊಸಿ ಹೌದಲ್ರಿ?"

"ಸೊಸೀನೂ ಹೌದು, ತಮ್ಮನ ಮಗಳೂ ಹೌದು."

"ನಿಮ್ಮ ಯಜಮಾನ್ರು?"

"ನಮ್ಮವ್ವನ ತಮ್ಮ."

ಹಾಳೆಯ ಮೇಲೆ ಗೆರೆಗಳು ಒಂದನ್ನೊಂದು ದಾಟಿ ಜಾಳಿಗೆಯಾದವು. ಮಲಿಕಾ ಎರಡು ಹಾಳೆ ಹರಿದು ಮೂರನೆಯದನ್ನು ತೆಗೆದಳು. "ಅಜ್ಜಿ, ನಿಮ್ಮ ಮನ್ಯಾಗ ಹೊರಗಿನವರು ಯಾರರೆ ಅದಾರೇನ್ರಿ?"

ಸಿದ್ದಲಿಂಗವ್ವ ಪ್ರಾಮಾಣಿಕವಾಗಿ ಯೋಚಿಸಿದಳು. "ಎಮ್ಮಿ ಐತಿ. ಬನಶಂಕರಿಯಿಂದ ತಂದದ್ದು."

"ನಿಮಗ ಮಕ್ಕಳೆಷ್ಟು?"

"ಒಬ್ಬನ. ಇವ," ಎಂದು ಶಂಕರಲಿಂಗನತ್ತ ಬೆರಳು ಮಾಡಿ ನೆಲ ನೋಡಿದಳು. ಶಂಕರಲಿಂಗ ಅವ್ವನ ಮುಖ ನೋಡಿದ.

ಮಲಿಕಾ ಕನ್ನಡದಲ್ಲಿ ಅಚ್ಚಾದ ಪುಸ್ತಿಕೆಯೊಂದನ್ನು ಪದ್ಮಶ್ರೀಯ ಕೈಗಿತ್ತಳು. "ಜೀನು ಜೋಡಿ ಇರತಾವು. ಅಪ್ಪನಿಂದ ಒಂದು, ಅವ್ವನಿಂದ ಒಂದು. ಎರಡೂ ಕೆಟ್ಟಿದ್ರ ಮಾತ್ರ ಈ ಕಾಯಿಲಿ. ಒಂದ ಕೆಟ್ಟಿದ್ರ ಏನೂ ಆಗೂದಿಲ್ಲ, ಗೊತ್ತೂ ಆಗೂದಿಲ್ಲ."

"ಅಯ್ಯ, ತಾಮ್ರ ಐತಂತ ಶೇಂಗಾ ಬಂದ್ ಅಂತ!" ಪುಸ್ತಿಕೆ ಓದುತ್ತಿದ್ದ ಪದ್ಮಶ್ರೀ ಕಿರುಚಿದಳು. ಕಾಯಿಲೆಯ ಸುದ್ದಿಗೂ ಅವಳು ಇಷ್ಟು ದುಃಖಪಟ್ಟಿರಲಿಲ್ಲ.

"ಮತ್ತ... ತಂಬಿಗಿ?" ಸಿದ್ದಲಿಂಗವ್ವ ಕೇಳಿದಳು.

"ಯಾವ ತಂಬಿಗಿ?"

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಜವಾಬೆಲ್ಲ ಗಾಳಿಗೆ ಹೋಗಿ, ನೀರು, ಮೊಬೈಲು, ಸೀರೆಯ ಗಂಟು, ಅಟ್ಟ, ಎಲ್ಲವೂ ಒಂದೇ ಉಸಿರಿಗೆ ಹೊರಬಿತ್ತು. ಮಲಿಕಾಳಿಗೆ ನಗು ತಡೆಯಲಾಗಲಿಲ್ಲ. "ಇನ್ನ ಮ್ಯಾಲ ಅಕಿಗೆ ಆ ನೀರು ಬ್ಯಾಡ, ಅಷ್ಟ. ಕಾಯಿಲಿ ತಂಬಿಗಿಯಿಂದ ಬಂದಿಲ್ರಿ, ಹುಟ್ಟಿದಾಗಿಂದನ ಐತಿ. ನೀವೆಲ್ಲಾರೂ ಅದ ನೀರು ಕುಡದೀರಿ, ನಿಮಗ ಬಂತೇನು?"

"ಅಡಗಿ ಮಾಡೋ ಕೈಯಿಂದಾನೂ ಬರೂದಿಲ್ಲಾ?"

"ಇಲ್ರಿ."

"ಖರೆ?"

"ಖರೇನ ಅಜ್ಜಿ."

"ಹಂಗಾದ್ರ ಇದು ನಮ್ಮ ಮನಿಗೆ ಎಲ್ಲಿಂದ ಬಂತವಾ?"

ಮಲಿಕಾಳ ಪೆನ್ನು ಹಾಳೆಯ ಮೇಲೆ ಹತ್ತಿತು. ದಾನೇಶ್ವರಿಯಿಂದ ಅವಳ ಅಪ್ಪನಿಗೆ, ಅವನಿಂದ ಸಿದ್ದಲಿಂಗವ್ವನ ಅವ್ವನಿಗೆ, ಅಲ್ಲಿಂದ ಮೇಲಕ್ಕೆ. ಶಂಕರಲಿಂಗನಿಂದ ಸಂಗಯ್ಯನಿಗೆ, ಅಲ್ಲಿಂದಲೂ ಮೇಲಕ್ಕೆ. ಎರಡು ಗೆರೆಯೂ ಹೋಗಿ ನಿಂತದ್ದು ಒಂದೇ ಜೋಡಿಯ ಬುಡಕ್ಕೆ: ಶಾರವ್ವ ಮತ್ತು ಅವಳ ಗಂಡ. "ಬಹುಶಃ ಇವರಿಬ್ಬರೊಳಗ ಒಬ್ಬರಿಂದ. ಪಾಪ, ಅವರಿಗೂ ಗೊತ್ತಿರಲಿಕ್ಕಿಲ್ಲ."

"ಎಲಾ ಮುದುಕೀ!"

ಹೊರಗೆ ಸರದಿಯಲ್ಲಿದ್ದವರೆಲ್ಲ ಬಾಗಿಲಲ್ಲಿ ಇಣುಕಿದರು. ಸಿದ್ದಲಿಂಗವ್ವ ಶಾರವ್ವನ ಸುತ್ತಿನ ಮೇಲೆ ಬೆರಳು ಕುಟ್ಟುತ್ತ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನಗುತ್ತ ನಗುತ್ತಲೇ ಅಳು ಬಂತು. ದಾನೇಶ್ವರಿ ಹೆಗಲು ಹಿಡಿದುಕೊಂಡಳು. ಸಿದ್ದಲಿಂಗವ್ವನಿಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಮೈ ಹಗುರಾಗಿತ್ತು.

ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: "ನಾ ಸುಳ್ಳ ಹೇಳೀನಿ. ಇವನಕಿಂತ ಮೊದಲ ಒಬ್ಬಾಕಿ ಇದ್ಲು. ಅಕಿ ಕೈನೂ ನಡಗತಿತ್ತು."

ಮಲಿಕಾ ಶಂಕರಲಿಂಗನ ಚೌಕದ ಪಕ್ಕ ಒಂದು ಸುತ್ತು ಹಾಕಿ, ತೀರಿಕೊಂಡವರಿಗೆ ಎಳೆಯುವ ಅಡ್ಡಗೆರೆ ಎಳೆದಳು. "ಹೆಸರು?"

"ಇಂದ್ರವ್ವ," ಎಂದಳು ಸಿದ್ದಲಿಂಗವ್ವ. ಇನ್ನೊಮ್ಮೆ, ಗಟ್ಟಿಯಾಗಿ, "ಇಂದ್ರವ್ವ. ಅದರ ಕೆಳಗ ಅವ್ವನ ತಪ್ಪಿಲ್ಲ ಅಂತ ಬರಿ."

ನಕಾಶೆಯಲ್ಲಿ ಅಂಥದ್ದನ್ನೆಲ್ಲ ಬರೆಯುವ ಪದ್ಧತಿಯಿಲ್ಲ. ಮಲಿಕಾ ಬರೆದಳು.