ನನ್ನ ಮುಖದ ಗೀರು

ನಾನು ಮುಖ ನೋಡಿಕೊಳ್ಳುವ ಕನ್ನಡಿಯಲ್ಲ. ನನ್ನ ಮುಂದೆ ನಿಂತು ಯಾರೂ ತಲೆ ಬಾಚಿಕೊಂಡಿಲ್ಲ, ಕುಂಕುಮ ಇಟ್ಟುಕೊಂಡಿಲ್ಲ. ಎಂಟಾಣೆ ನಾಣ್ಯದಷ್ಟು ಅಗಲದ ಗುಂಡು ಮುಖ, ಪೆನ್ಸಿಲಿನಂಥ ಉಕ್ಕಿನ ಹಿಡಿ, ಇಷ್ಟೇ ನಾನು. ಹಲ್ಲಿನ ಡಾಕ್ಟರು ನನ್ನನ್ನು ಜನರ ಬಾಯೊಳಗೆ ಇಳಿಸಿ, ತಮ್ಮ ಕಣ್ಣು ತಲುಪದ ಜಾಗಗಳನ್ನು ನೋಡುತ್ತಾರೆ.

ನಾನು ಹುಟ್ಟಿದ ಕಾರ್ಖಾನೆ ಯಾವ ಊರಿನದೋ ನನಗೆ ತಿಳಿಯದು. ಮನೆಯ ಕನ್ನಡಿಗಳಿಗೆ ಬೆಳ್ಳಿಯಂಥ ಲೇಪವನ್ನು ಗಾಜಿನ ಹಿಂದೆ ಹಚ್ಚುತ್ತಾರಂತೆ. ನನಗೆ ಮುಂದೆಯೇ ಹಚ್ಚಿದರು. ಅದರಿಂದ ನಾನು ತೋರಿಸಿದ್ದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಲೇಪವನ್ನು ಕಾಯಲು ಮುಂದೆ ಗಾಜಿಲ್ಲ, ಗೀರು ಬೇಗ ಬೀಳುತ್ತದೆ. ಪೆಟ್ಟಿಗೆ ಕಟ್ಟುವ ಹೆಂಗಸೊಬ್ಬಳು ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಲೆಯೂ ಇಲ್ಲವೆಂದು ತಲೆಯಾಡಿಸಿ, ಹತ್ತಿಯಲ್ಲಿ ಸುತ್ತಿದಳು. ನಾನು ಕಲೆಯಿಲ್ಲದವಳು ಎನ್ನುವ ಜಂಭ ನನಗೆ ಅವತ್ತೇ ಅಂಟಿತು.

ಗದಗಿನ ಡಾಕ್ಟರ್ ಅಬ್ಬಿಗೇರಿಯವರು ನನ್ನ ಮೊದಲ ಯಜಮಾನರು. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ದವಾಖಾನೆ. ಒಳ್ಳೆಯ ಕೈಗುಣ ಎಂದು ಹೆಸರಾದವರು. ಬಾಯಿಯ ಉಸಿರಿಗೆ ನಾನು ಮಂಜಾಗದಂತೆ ಪ್ರತಿಸಲವೂ ನನ್ನನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, "ಮೂಗಿಲೆ ಉಸಿರಾಡ್ರಿ, ಬಾಯಿಲೆ ಅಲ್ಲ" ಎನ್ನುತ್ತಿದ್ದರು. ಎಲೆಯಡಿಕೆಯ ಕೆಂಪು ಬಾಯಿ, ತಂಬಾಕಿನ ಕಪ್ಪು ಬಾಯಿ, ಹಾಲುಹಲ್ಲು ಅಲುಗಾಡುವ ಎಳೆಯ ಬಾಯಿ, ಎಲ್ಲವನ್ನೂ ಕಂಡೆ. ಕಂಡದ್ದನ್ನು ಕಂಡಂತೆ ತೋರಿಸಿದೆ.

ಒಂದು ದಿನ ಗೌಡರೊಬ್ಬರ ದವಡೆಹಲ್ಲು ಕೊರೆಯುವಾಗ ಅವರ ಕೆನ್ನೆಯನ್ನು ನಾನು ಪಕ್ಕಕ್ಕೆ ಸರಿಸಿ ಹಿಡಿದಿದ್ದೆ. ಗೌಡರು ಕೆಮ್ಮಿದರು. ಗರಗರ ತಿರುಗುತ್ತಿದ್ದ ಸೂಜಿಯ ತುದಿ ನನ್ನ ಮುಖವನ್ನು ಸವರಿಹೋಯಿತು. ತಲೆಗೂದಲಿಗಿಂತ ಸಣ್ಣ ಗೀರು. ಡಾಕ್ಟರು ಅದನ್ನು ಗಮನಿಸಲಿಲ್ಲ. ಅವರ ಕನ್ನಡಕದ ನಂಬರು ಬದಲಾಗಿ ವರ್ಷವಾಗಿತ್ತು. "ನಾಳೆ ಹೋಗ್ತೀನಿ" ಎನ್ನುತ್ತ ಮುಂದೂಡುತ್ತಿದ್ದರು. ನನಗಂತೂ ಒಳಗೊಳಗೇ ಸಮಾಧಾನವಾಯಿತು. ಗೊತ್ತಾಗಿದ್ದರೆ ನನ್ನನ್ನು ಎಸೆಯುತ್ತಿದ್ದರಲ್ಲ. ಇಷ್ಟು ಸಣ್ಣದು ಯಾರಿಗೆ ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ನಾಚಿಕೆಯ ಕಥೆ ಶುರುವಾಗುವುದು ಗೀರು ಬಿದ್ದ ಗಳಿಗೆಯಿಂದಲ್ಲ, ನಾನು ಹೀಗೆ ಹೇಳಿಕೊಂಡ ಗಳಿಗೆಯಿಂದ.

ಆ ವಾರವೇ ಫಕ್ಕೀರವ್ವ ಬಂದಳು. ಬೆಟಗೇರಿ ಕಡೆಯವಳು, ಹೆಂಗಸರ ಜಂಪರ್, ಅಂದರೆ ರವಿಕೆ, ಹೊಲಿಯುತ್ತಿದ್ದಳು. ಮೂವತ್ತು ತುಂಬಿರಲಿಲ್ಲ. ನಗುವಾಗ ಬಾಯಿ ಪೂರ್ತಿ ತೆರೆದು ನಗುವ ಹೆಂಗಸು.

"ತಣ್ಣೀರು ಕುಡದ್ರ ಮುಂದಿನ ಹಲ್ಲು ಝುಮ್ ಅಂತೈತ್ರಿ."

"ದಾರಾ ಹಲ್ಲಿಲೆ ಕಡೀತಿ ಹೌದಲ್ಲೋ?" ಎಂದು ಕೇಳಿದರು ಡಾಕ್ಟರು.

"ಕೈಯಾಗ ಸೂಜಿ ಇರತೈತ್ರಿ, ಇನ್ನೊಂದು ಕೈಯಾಗ ಬಟ್ಟಿ. ಕತ್ರಿ ಹಿಡ್ಯಾಕ ಮೂರನೇ ಕೈ ಎಲ್ಲಿಂದ ತರ್ಲಿ?"

ಡಾಕ್ಟರು ನಗುತ್ತ ನನ್ನನ್ನು ಆ ಹಲ್ಲಿನ ಹಿಂದಕ್ಕೆ ಇಳಿಸಿದರು. ದಾರ ಕಚ್ಚಿ ಕಚ್ಚಿ ಅದರ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿತ್ತು, ಅಷ್ಟೇ. ಉಳಿದಂತೆ ಗಟ್ಟಿ ಹಲ್ಲು. ಆದರೆ ನನ್ನ ಗೀರು ಸರಿಯಾಗಿ ಆ ಕಚ್ಚಿನ ಮೇಲೆ ಬಂದು ಕೂತಿತು. ಅಂಚಿನಿಂದ ಒಸಡಿನವರೆಗೆ ಕಪ್ಪು ಗೆರೆ.

"ಬಿರುಕು ಬಿಟ್ಟೈತವ್ವಾ. ಇವತ್ತಲ್ಲ ನಾಳೆ ಸೀಳತೈತಿ. ತಿಕ್ಕಿ ಸಣ್ಣ ಮಾಡಿ ಮ್ಯಾಲ ಕ್ಯಾಪ್ ಹಾಕೂಣು."

ಅದು ನಾನು, ಅದು ನನ್ನದು ಎಂದು ಕೂಗಬೇಕೆನಿಸಿತು. ಕನ್ನಡಿಗೆ ಬಾಯಿಯಿಲ್ಲ. ಯಂತ್ರ ಶುರುವಾಯಿತು. ಬಿಳಿ ಪುಡಿ ಹಾರಿ ನನ್ನ ಮೇಲೆ ಬಿತ್ತು, ಗೋಧಿಹಿಟ್ಟಿನಷ್ಟು ನಯವಾದ ಪುಡಿ. ಹಲ್ಲು ಅರ್ಧವಾದಾಗ ಡಾಕ್ಟರು ನನ್ನನ್ನು ಒರೆಸಿ ಮತ್ತೆ ನೋಡಿದರು. ಹಲ್ಲಿನ ಆ ಭಾಗವೇ ಈಗ ಇರಲಿಲ್ಲ. ಗೆರೆ ಮಾತ್ರ ಇದ್ದಲ್ಲೇ ಇತ್ತು.

ಅವರ ಕೈ ನಿಂತಿತು. ನನ್ನನ್ನು ಹೊರತೆಗೆದು ದೀಪಕ್ಕೆ ಹಿಡಿದರು. ಅಷ್ಟು ಹತ್ತಿರದಿಂದ ಅವರು ನನ್ನನ್ನು ಎಂದೂ ನೋಡಿರಲಿಲ್ಲ. ಆಮೇಲೆ ಒಂದೂ ಮಾತಾಡದೆ ನನ್ನನ್ನು ತಟ್ಟೆಯಲ್ಲಿ ಬೋರಲು ಹಾಕಿ, ಬೇರೆ ಕನ್ನಡಿ ತೆಗೆದುಕೊಂಡು, ಕೆಲಸ ಮುಗಿಸಿದರು. ಸಂಜೆ ನನ್ನನ್ನು ಎಸೆಯಲಿಲ್ಲ, ಕಟ್ಟಕಡೆಯ ಡ್ರಾವರಿನ ಹಿಂಭಾಗಕ್ಕೆ ತಳ್ಳಿದರು. ಏಕೆಂದು ಅವತ್ತು ನನಗೆ ಅರ್ಥವಾಗಲಿಲ್ಲ.

ಕತ್ತಲ ಡ್ರಾವರಿನಲ್ಲಿ ಹದಿನಾಲ್ಕು ವರ್ಷ ಕಳೆದೆ. ಫಕ್ಕೀರವ್ವನ ದನಿ ಆಗಾಗ ಕೇಳುತ್ತಿತ್ತು. ಅತ್ತೆಯನ್ನೋ ಅಕ್ಕನ ಮಗಳನ್ನೋ ತೋರಿಸಲು ಕರೆತರುತ್ತಿದ್ದಳು. ಜೊತೆಗೆ ಬಂದ ನೆರೆಯವಳೊಬ್ಬಳು ಒಮ್ಮೆ ಚುಡಾಯಿಸಿದಳು. "ಈಕಿ ಕ್ಯಾಪಿನ ಹಲ್ಲು ನೋಡ್ರಿ, ಮಣ್ಣಿನ ಗ್ವಾಡಿಗೆ ಒಂದ ಕಡೆ ಸುಣ್ಣಾ ಹೊಡದಂಗ." ಎಲ್ಲರೂ ನಕ್ಕರು. ಫಕ್ಕೀರವ್ವನೂ ನಕ್ಕಳು, ಆದರೆ ಆ ನಗು ಸೆರಗಿನ ಒಳಗಿನಿಂದ ಬಂದಂತೆ ಕೇಳಿಸಿತು. ಆಮೇಲೆ ಅವಳ ನಗು ಯಾವಾಗಲೂ ಹಾಗೆಯೇ ಕೇಳಿಸಿತು. ನಾನು ಬೋರಲಾಗಿಯೇ ಬಿದ್ದಿದ್ದೆ. ಮುಖ ಮೇಲೆ ಮಾಡುವ ಧೈರ್ಯ ನನಗೂ ಇರಲಿಲ್ಲ.

ಅಬ್ಬಿಗೇರಿ ಡಾಕ್ಟರ ಕೈ ನಡುಗಲು ಶುರುವಾದ ಮೇಲೆ ದವಾಖಾನೆ ಡಾಕ್ಟರ್ ನಾಜನೀನ್ ಕಿತ್ತೂರ ಅವರ ಕೈಗೆ ಬಂತು. ಅವರು ಅಲ್ಲೇ ಸಹಾಯಕಿಯಾಗಿ ನಾಲ್ಕು ವರ್ಷ ಕಲಿತವರು. ಮಾತು ಮೆತ್ತಗೆ, ಕಣ್ಣು ಚುರುಕು. ಹಿರಿಯ ಡಾಕ್ಟರು ಬೆಳಿಗ್ಗೆ ಬಂದು ಹೊರಗಿನ ಬೆಂಚಿನಲ್ಲಿ ಪೇಪರ್ ಓದುತ್ತ, ಬಂದವರನ್ನು ಮಾತಾಡಿಸುತ್ತ ಕೂರುತ್ತಿದ್ದರು.

ಒಂದು ಸೋಮವಾರ ಉಳಿದ ಕನ್ನಡಿಗಳೆಲ್ಲ ಮುಂಚಿನ ರೋಗಿಗಳಿಗೆ ಬಳಕೆಯಾಗಿ ತೊಳೆಯಲು ಬಿದ್ದಿದ್ದವು. ನಾಜನೀನ್ ಡ್ರಾವರುಗಳನ್ನು ತಡಕಾಡಿ ನನ್ನನ್ನು ಎತ್ತಿದರು. ಹಬೆಯ ಯಂತ್ರದಲ್ಲಿ ಬೇಯಿಸಿ ತಟ್ಟೆಯಲ್ಲಿಟ್ಟರು. ಕುರ್ಚಿಯಲ್ಲಿ ಯಾರು ಕೂತಿದ್ದಾರೆಂದು ದನಿಯಿಂದಲೇ ಗೊತ್ತಾಯಿತು.

"ಮೊದಲ ಹೇಳ್ತೀನ್ರಿ ಡಾಕ್ಟರ್ ಬಾಯಾರ. ತಿಕ್ಕೂದಾದ್ರ ನಾ ಎದ್ದು ಹೊಕ್ಕೀನಿ." ಫಕ್ಕೀರವ್ವ ಕೈಚೀಲವನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲ. "ಒಂದು ತಿಕ್ಕಿಸ್ಕೊಂಡು ಇಷ್ಟು ವರ್ಷ ಸೆರಗು ಬಾಯಿಗೆ ಹಿಡದೀನಿ. ಈಗ ಹೆಣ್ಮಕ್ಕಳಿಗೆ ಹೊಲಿಗಿ ಕಲಸು ಅಂತ ಸಂಘದವ್ರು ಕರದಾರ. ಇಪ್ಪತ್ತು ಮಂದಿ ಮುಂದ ಬಾಯಿ ತಗೀಬೇಕು."

"ಮೊದಲ ನೋಡೂಣು, ಅಕ್ಕಾರ. ನೋಡಾಕ ತಿಕ್ಕೂದು ಬ್ಯಾಡ."

ನನ್ನನ್ನು ಒಳಗಿಳಿಸಿದರು. ನಾನು ಕಂಡದ್ದನ್ನು ಹೇಳಲು ಈಗಲೂ ಮನಸ್ಸು ಹಿಂಜರಿಯುತ್ತದೆ. ಕ್ಯಾಪಿನ ಗಡಸಿಗೆ ಸಿಕ್ಕ ಕೆಳಗಿನ ಹಲ್ಲುಗಳು ಸವೆದು ಗಿಡ್ಡವಾಗಿದ್ದವು. ಕ್ಯಾಪಿನಿಂದ ದಾರ ಕಚ್ಚಲು ಹೆದರಿ ಪಕ್ಕದ ಹಲ್ಲುಗಳಿಂದ ಕಚ್ಚಿದ್ದಳು. ಅವೂ ತೇದಿದ್ದವು. ಒಂದು ಸುಳ್ಳು ಗೆರೆ ಆರು ಹಲ್ಲುಗಳನ್ನು ತಿಂದಿತ್ತು. ಅಷ್ಟರಲ್ಲಿ ನನ್ನ ಗೀರು ಮತ್ತೆ ಒಂದು ಹಲ್ಲಿನ ಮೇಲೆ ಹೋಗಿ ಕೂತಿತು.

"ಇಲ್ಲೊಂದು ಗೆರಿ..." ಎಂದರು ನಾಜನೀನ್.

ಫಕ್ಕೀರವ್ವನ ಕೈ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. ನನಗೆ ಅಲ್ಲೇ ಒಡೆದು ಚೂರಾಗಿಬಿಡಬೇಕೆನಿಸಿತು.

ನಾಜನೀನರಿಗೆ ಒಂದು ಅಭ್ಯಾಸವಿತ್ತು, ಏನನ್ನು ಕಂಡರೂ ಎರಡು ಬದಿಯಿಂದ ನೋಡುವುದು. ನನ್ನ ಹಿಡಿಯನ್ನು ಬೆರಳಲ್ಲಿ ತುಸು ಹೊರಳಿಸಿದರು. ಗೆರೆ ಪಕ್ಕದ ಹಲ್ಲಿಗೆ ಸರಿಯಿತು. ಇನ್ನೂ ಹೊರಳಿಸಿದರು. ಅದರಾಚೆಯ ಹಲ್ಲಿಗೆ ಹೋಯಿತು. ಹೊರತೆಗೆದು ನನ್ನ ಮುಖದ ಮೇಲೆ ಉಗುರಾಡಿಸಿ ನಕ್ಕರು.

"ಬಿರುಕು ಮನಿಮನಿ ತಿರಗಂಗಿಲ್ರಿ ಅಕ್ಕಾರ. ಗೀರು ಕನ್ನಡಿಗೈತಿ. ನಿಮ್ಮ ಹಲ್ಲು ಸವದಾವ, ಬಿರುಕು ಬಿಟ್ಟಿಲ್ಲ."

ಫಕ್ಕೀರವ್ವ ನಗಲಿಲ್ಲ. "ಆವತ್ತೂ ಗೆರಿ ಐತಿ ಅಂತ ಹೇಳೇ ತಿಕ್ಕಿದ್ರು" ಎಂದಳು ನಿಧಾನವಾಗಿ.

ಬಾಗಿಲಲ್ಲಿ ಪೇಪರ್ ಮಡಚುವ ಸದ್ದಾಯಿತು. ಅಬ್ಬಿಗೇರಿ ಡಾಕ್ಟರು ನಿಂತಿದ್ದರು. ಒಳಗೆ ಬಂದು ನನ್ನನ್ನು ಕೈಗೆ ತೆಗೆದುಕೊಂಡರು.

"ಇದ ಕನ್ನಡಿನವ್ವಾ" ಎಂದರು. "ಅರ್ಧ ತಿಕ್ಕಿದ ಮ್ಯಾಲೂ ಗೆರಿ ಹಂಗ ಇತ್ತು. ಆವಾಗ ತಿಳೀತು. ತಿಳದೂ ಸುಮ್ನಾದೆ. ಇದನ್ನ ಒಗದ್ರ ನಾ ಮರ್ತುಬಿಡ್ತೀನಿ ಅಂತ ಒಗೀಲಿಲ್ಲ. ನಿನ್ನ ಮುಂದ ಹೇಳಾಕೂ ಬಾಯಿ ಬರ್ಲಿಲ್ಲ."

ನನ್ನೊಬ್ಬಳದೇ ಎಂದುಕೊಂಡಿದ್ದ ನಾಚಿಕೆಯನ್ನು ಅವರೂ ಅಷ್ಟೇ ವರ್ಷ ಹೊತ್ತಿದ್ದರು. ಹೊತ್ತರೇನು? ಸೆರಗು ಹಿಡಿದವಳು ಫಕ್ಕೀರವ್ವ.

"ಡಾಕ್ಟ್ರ," ಎಂದಳು ಅವಳು. "ನಾವು ಜಂಪರ್ ಹೊಲಿಯೋವಾಗ ಒಳಗ ಎರಡು ಬೆರಳು ಬಟ್ಟಿ ಬಿಟ್ಟಿರ್ತೀವಿ. ನಮ್ಮ ಅಳತಿ ತಪ್ಪಿದ್ರ ಬಿಚ್ಚಾಕ ಬರ್ಲಿ ಅಂತ. ನೀವ್ಯಾಕ ನಂಗ ಏನೂ ಬಿಡ್ಲಿಲ್ಲ?"

ಹಿರಿಯರು ನನ್ನನ್ನು ಪಕ್ಕದ ಮೇಜಿನ ಮೇಲಿಟ್ಟರು.

"ನಾನು ಬಿಡ್ತೀನ್ರಿ ಅಕ್ಕಾರ," ಎಂದರು ನಾಜನೀನ್. "ಒಂದು ಕೂದಲೆಳಿಯಷ್ಟೂ ತಗ್ಯಂಗಿಲ್ಲ. ಹೋದದ್ದನ್ನ ಮ್ಯಾಲ ಹಚ್ಚತೀನಿ. ಮನಸ್ಸಿಗೆ ಬರಲಿಲ್ಲಂದ್ರ ಅದನ್ನಷ್ಟ ತಗದ್ರಾತು. ಕ್ಯಾಪಿನ ಹಲ್ಲು ಮಾತ್ರ ಮೊದಲಿನಂಗ ಆಗಂಗಿಲ್ಲ. ಅದಕ್ಕ ಉಳಿದ ಹಲ್ಲಿಗೆ ಹೊಂದೋ ಬಣ್ಣದ ಕ್ಯಾಪ್ ಹಾಕಬಹುದು, ಅಷ್ಟ."

ಫಕ್ಕೀರವ್ವ ಅವರ ಮುಖವನ್ನು, ಆಮೇಲೆ ಅವರ ಕೈಯನ್ನು ನೋಡಿದಳು. ಕೈಚೀಲವನ್ನು ನೆಲಕ್ಕಿಟ್ಟಳು.

ಆ ಕೆಲಸವನ್ನು ನಾನು ಪಕ್ಕದ ಮೇಜಿನಿಂದ ನೋಡಿದೆ. ಮೊದಲ ದಿನ ಹಲ್ಲಿನ ಅಚ್ಚು ತೆಗೆದುಕೊಂಡರು. ಮುಂದಿನ ವಾರ ಆ ಅಚ್ಚಿನಲ್ಲಿ ಎರೆದ ಸುಣ್ಣದಂಥ ಗಾರೆಯ ಹಲ್ಲುಗಳು ತಯಾರಾಗಿದ್ದವು. ಸವೆದ ಕಡೆ ಮೇಣ ತುಂಬಿ, ಇದ್ದಿರಬೇಕಾದ ಆಕಾರವನ್ನು ನಾಜನೀನ್ ತೀಡಿದ್ದರು. "ಇದು ನಮ್ಮ ಸೀಮೆಸುಣ್ಣದ ಗುರ್ತು ಇದ್ದಂಗ," ಎಂದಳು ಫಕ್ಕೀರವ್ವ, ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಎಳೆಯುವ ಗೆರೆಗಳನ್ನು ನೆನೆದು. ಚುಚ್ಚುಮದ್ದು ಇರಲಿಲ್ಲ. ಯಂತ್ರದ ಗರಗರ ಇರಲಿಲ್ಲ. ಹಲ್ಲು ತೊಳೆದರು, ಅಂಟು ಹಿಡಿಯಲೆಂದು ನೀಲಿ ಲೋಳೆ ಹಚ್ಚಿ ತುಸು ಹೊತ್ತಿಗೆ ತೆಗೆದರು, ಒಣಗಿಸಿ ಅಂಟು ಸವರಿದರು. ಹಲ್ಲಿನದೇ ಬಣ್ಣದ ಮೆತ್ತನೆ ಲೇಪವನ್ನು ಮೇಣದ ಆಕಾರದಂತೆ ಕೂರಿಸಿ ನೀಲಿ ಬೆಳಕು ಹಿಡಿದರು. ಲೇಪ ಕಲ್ಲಾಯಿತು. ಹೀಗೆ ಒಂದೊಂದೇ ಹಲ್ಲು. ಹಳೆಯ ಕ್ಯಾಪಿನ ಜಾಗಕ್ಕೆ ಹೊಂದುವ ಬಣ್ಣದ್ದು ಬಂದದ್ದು ಆಮೇಲೆ. ಸವೆದದ್ದು ಮತ್ತೆ ಬೆಳೆಯುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ದಾರಾ ಕಚ್ಚಿದ್ರ ಇದೂ ಚೂರು ಹಾರತೈತ್ರಿ, ಈಗ ಹೇಳಿರ್ತೀನಿ."

"ಕತ್ರಿ ಕೊಳ್ಳಾಗ ಕಟ್ಗೋತೀನಿ, ತಾಳಿ ಜೋಡಿ," ಎಂದಳು ಫಕ್ಕೀರವ್ವ. ಸೆರಗು ಬಾಯಿಯ ಕಡೆ ಅರ್ಧ ದಾರಿ ಏರಿತು. ಅಲ್ಲೇ ನಿಂತು, ಕೆಳಗಿಳಿಯಿತು.

ಹೊರಡುವ ಮುಂಚೆ ಅವಳು ಬೆಂಚಿನ ಹತ್ತಿರ ನಿಂತಳು. ಹಿರಿಯ ಡಾಕ್ಟರು ಕ್ಷಮೆಯ ಮಾತಿಗೆ ಬಾಯಿ ತೆರೆಯುತ್ತಿದ್ದರು. ಅವಳು ಅದಕ್ಕೆ ಅವಕಾಶ ಕೊಡಲಿಲ್ಲ.

"ಆ ಕನ್ನಡಿ ನಂಗ ಕೊಡ್ರಿ. ಇಲ್ಲಿದ್ರ ಇನ್ಯಾರದರ ಬಾಯಾಗ ಇಡ್ತೀರಿ."

ಹೀಗೆ ನಾನು ಬೆಟಗೇರಿಗೆ ಬಂದೆ. ಕಿಟಕಿಯ ಪಕ್ಕ ಅವಳ ಹೊಲಿಗೆ ಯಂತ್ರ. ಅದರ ಡ್ರಾವರಿನಲ್ಲಿ ಗುಂಡಿ, ಹುಕ್ಕು, ದಾರದುಂಡೆಗಳ ನಡುವೆ ನನ್ನ ಜಾಗ. ಈಗ ನನ್ನ ಲೇಪ ಅಂಚಿನಲ್ಲಿ ಮಾಸಿದೆ. ಇಪ್ಪತ್ತು ಹುಡುಗಿಯರ ಗದ್ದಲ, ಅವರ ನಡುವೆ ಅವಳ ನಗು ಕೇಳಿಸುತ್ತದೆ. ಈಗ ಆ ನಗುವಿಗೆ ಸೆರಗಿನ ಮುಸುಕಿಲ್ಲ. ಆದರೂ ಕ್ಯಾಪಿನ ಆ ಹಲ್ಲು ಕಂಡಾಗಲೆಲ್ಲ ನಾನು ಕುಗ್ಗುತ್ತೇನೆ. ಅದರ ಕೆಳಗೆ ಏನಿತ್ತೆಂದು ಕಂಡವಳು ನಾನು.

ಯಂತ್ರದ ಅಡಿಯಲ್ಲಿ ದಾರ ಸಿಕ್ಕಿಕೊಂಡಾಗ ಫಕ್ಕೀರವ್ವ ನನ್ನನ್ನು ತೆಗೆದು ಸೂಜಿಯ ಕೆಳಗಿನ ಕತ್ತಲಿಗೆ ಇಳಿಸುತ್ತಾಳೆ. ನನ್ನೊಳಗೆ ಒಂದು ಕಪ್ಪು ಎಳೆ ಕಾಣುತ್ತದೆ. ಅವಳು ತಕ್ಷಣ ಚಿಮುಟ ಎತ್ತುವುದಿಲ್ಲ. ಮೊದಲು ನನ್ನನ್ನು ತುಸು ಹೊರಳಿಸುತ್ತಾಳೆ. ಎಳೆ ಸರಿದರೆ ಅದು ನಾನು. ಸರಿಯದಿದ್ದರೆ ದಾರ.