ಕಾಗದದ ಮೇಲೆ ಉಳಿದ ಎಣ್ಣೆ

ಪೆಟ್ರೋಲ್ ಗರಗಸದ ಸೈಲೆನ್ಸರ್ ಬಿಚ್ಚಿ ಟಾರ್ಚು ಬಿಟ್ಟು ನೋಡಿದ ಮೆಕ್ಯಾನಿಕ್‌ಗೆ ರೋಗ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಪಿಸ್ಟನ್ನಿನ ಮೈಮೇಲೆ ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೀರುಗಳು. ಎಣ್ಣೆ ಸಾಲದೆ ಒಣಗಿ ಉಜ್ಜಿ ಕಚ್ಚಿಕೊಂಡಿತ್ತು.

"ನಾನು ಹೇಳಲಿಲ್ವಾ?" ಎಂದ ಗರಗಸದ ಒಡೆಯ. ಮರ ಕಡಿಯುವುದೇ ಅವನ ಕಸುಬು. "ಪೆಟ್ರೋಲಿಗೆ ಆಯಿಲ್ ಬೆರೆಸೋದು ಅವನ ಕೆಲಸ. ಯಾರ ಹತ್ರಾನೋ ಹರಟೆ ಹೊಡೀತಾ ಬರೀ ಪೆಟ್ರೋಲ್ ಸುರಿದಿದ್ದಾನೆ. ಇನ್ಮೇಲೆ ಬರಬೇಡ ಅಂದ್ಬಿಟ್ಟೆ."

ಅವನು ಅಂದರೆ ಭಾವಮೈದ, ಹೆಂಡತಿಯ ಒಬ್ಬನೇ ತಮ್ಮ. ಭಾವ ಮರದ ಮೇಲಿದ್ದಾಗ ಒಂಬತ್ತು ವರ್ಷ ಕೆಳಗೆ ಹಗ್ಗ ಹಿಡಿದು ನಿಂತವನು. ಅವನನ್ನು ಓಡಿಸಿದ ಮೇಲೆ ಮೂರು ದಿನದಿಂದ ಅಕ್ಕ ಗಂಡನ ಜೊತೆ ಮಾತು ಬಿಟ್ಟಿದ್ದಳು. ಮನೆಯಲ್ಲಿ ಈಗ ಪಾತ್ರೆಗಳಷ್ಟೇ ಸದ್ದು ಮಾಡುತ್ತಿದ್ದವಂತೆ.

ಮೆಕ್ಯಾನಿಕ್ ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲನ್ನು ನಾಲ್ಕು ಹನಿ ಬಿಳಿ ಕಾಗದದ ಮೇಲೆ ಬಿಟ್ಟ. ಬರೀ ಪೆಟ್ರೋಲಾದರೆ ಆರಿದ ಮೇಲೆ ಗುರುತೂ ಉಳಿಯುವುದಿಲ್ಲ. ಹನಿಗಳು ಆರಿದವು, ಜಿಡ್ಡಿನ ಕಲೆ ಹಾಗೇ ಉಳಿಯಿತು.

ಆಯಿಲ್ ಬೆರೆಸಿದ್ದಾನೆ. ಹಾಗಾದರೆ ಎಲ್ಲಿಂದಲೋ ಗಾಳಿ ನುಗ್ಗಿ, ಪೆಟ್ರೋಲೂ ಎಣ್ಣೆಯೂ ಸಾಲದೆ ಹೋಗಿರಬೇಕು. ಕಾರ್ಬ್ಯುರೇಟರಿನ ರಬ್ಬರ್ ಕೊಳವೆಗೆ ಬಿಗಿದ ಪಟ್ಟಿಯನ್ನು ಮುಟ್ಟಿದರೆ ಅದು ಸಲೀಸಾಗಿ ತಿರುಗಿತು. ಹೋದ ತಿಂಗಳು ಇದನ್ನು ಬಿಚ್ಚಿ ತೊಳೆದು ಕೂಡಿಸಿದವನು ತಾನೇ. ತನ್ನ ಹೆಂಡತಿ ಊಟಕ್ಕೆ ಕರೆದಳೆಂದು ಸ್ಕ್ರೂ ಅರ್ಧ ಬಿಗಿದು ಎದ್ದವನು, ಕೈ ತೊಳೆದು ಬಂದು ನೇರ ಮುಚ್ಚಳ ಹಾಕಿಬಿಟ್ಟಿದ್ದ.

ಎರಡು ಸುತ್ತು ತಿರುಗಿಸಿದರೆ ಸಾಕು, ಯಾರಿಗೂ ತಿಳಿಯುವುದಿಲ್ಲ. ಸ್ಕ್ರೂಡ್ರೈವರ್ ಆಗಲೇ ಕೈಯಲ್ಲಿತ್ತು. ಅವನ ಕೈ ಬಿದ್ದ ಮಷಿನನ್ನು ಮತ್ತೆ ನೋಡಬೇಕಿಲ್ಲ ಎಂಬ ಮಾತಿನ ಮೇಲೇ ಈ ಅಂಗಡಿ ನಿಂತಿತ್ತು. ಅವನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು. ಹಗ್ಗ ಹಿಡಿದವನ ಮುಖ ನೆನಪಾಗಿ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಅಣ್ಣ, ಇಲ್ಲಿ ಬೆರಳಿಟ್ಟು ನೋಡಿ. ಸಡಿಲ ಇದೆಯಲ್ಲ, ಅದು ನಾನು ಬಿಟ್ಟಿದ್ದು. ನಿಮ್ಮ ಭಾವಮೈದ ಆಯಿಲ್ ಹಾಕಿದ್ದಾನೆ. ತಪ್ಪು ನಂದು."

ಮರ ಕಡಿಯುವವನು ಪಟ್ಟಿಯನ್ನು ಅತ್ತಿತ್ತ ತಿರುಗಿಸುತ್ತಲೇ ಇದ್ದ.

"ನೀನು ಬಾಯಿ ಮುಚ್ಕೊಂಡಿದ್ರೆ ನನಗೇನು ಗೊತ್ತಾಗ್ತಿತ್ತು?"

"ಏನೂ ಗೊತ್ತಾಗ್ತಿರಲಿಲ್ಲ."

ಅವನು ಬೈಯಲಿಲ್ಲ. ಜೇಬಿನಿಂದ ಫೋನು ತೆಗೆದು ಭಾವಮೈದನಿಗೆ ಹಚ್ಚಿ, ಸ್ಪೀಕರ್ ಒತ್ತಿ ಮೆಕ್ಯಾನಿಕ್‌ನ ಕೈಗೆ ತುರುಕಿದ. "ನೀನೇ ಹೇಳು. ನನ್ನ ಬಾಯಿಂದ ಬರಲ್ಲ."

ಮೆಕ್ಯಾನಿಕ್ ಎಲ್ಲ ಹೇಳಿದ. ಆ ಕಡೆಯಿಂದ ಭಾವಮೈದ ಕೇಳಿದ.

"ಅಂದ್ರೆ, ನಾನು ಆಯಿಲ್ ಹಾಕಿದ್ದೆ, ಅಲ್ವಾ?"

"ಹಾಕಿದ್ದೆ ಕಣಪ್ಪ."

"ಹಾಕಿದ ನೆನಪಿತ್ತು. ಆದ್ರೆ ಭಾವ ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ, ನಾನೇ ಮರೆತಿರಬೇಕು ಅಂದ್ಕೊಂಡೆ. ಇದನ್ನೇ ಮರೆಯೋನು ನಾಳೆ ಹಗ್ಗಾನೂ ಬಿಟ್ಟರೆ? ಅವರು ಮೇಲೆ ಇರ್ತಾರಲ್ಲ. ಅದಕ್ಕೇ ತಿರುಗಿ ಬಂದು ಕೆಲಸ ಕೇಳಲಿಲ್ಲ."

ಮರ ಕಡಿಯುವವನು ಅಷ್ಟರಲ್ಲಿ ಬೀದಿಯ ಕಡೆ ತಿರುಗಿ ನಿಂತಿದ್ದ. ಮುಖ ಈಚೆ ತಿರುಗಿಸದೆ, ಫೋನಿಗಾಗಿ ಕೈಯನ್ನಷ್ಟೇ ಹಿಂದಕ್ಕೆ ಚಾಚಿದ.