ಐದು ಮನೆಗಳ ರಿವಾಲ್ವರ್

ನನ್ನ ಕಾರ್ಖಾನೆಯಲ್ಲಿ ನಿಂತು ರಾಯ್ಸ್ ರಿವಾಲ್ವರಿಗೆ ಒಂದು ತೋಟಾ ತುರುಕಿದ, ಸಿಲಿಂಡರ್ ತಿರುಗಿಸಿ ತೋಟಾ ಕೂರುವ ಒಂದು ಮನೆ ಖಾಲಿ ಬಿಟ್ಟ, ಮತ್ತೆ ತುರುಕತೊಡಗಿದ. ಕಣ್ಣು ಕಿಟಕಿಯಾಚೆ ಹೊರೆ ಹೊತ್ತು ನಿಂತ ಹೇಸರಗತ್ತೆಗಳ ಮೇಲಿತ್ತು. ಕೈ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಟಿಕ್, ಟಿಕ್, ಟಿಕ್. ನಾನು ಎಣಿಸುತ್ತಿದ್ದೆ. ಖಾಲಿ ಮನೆಯ ನಂತರ ಮೂರು ತೋಟಾ ಆದಮೇಲೆ ಅವನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇನ್ನೊಂದು ಟಿಕ್. ಆ ಮನೆ ಮೊದಲೇ ತುಂಬಿತ್ತು. ಬೆರಳಿಗೆ ಹಿತ್ತಾಳೆ ತಾಗಿದ್ದೇ ಕೈಯಲ್ಲಿ ಉಳಿದ ತೋಟಾವನ್ನು ಜೇಬಿಗೆ ಹಾಕಿಕೊಂಡು, ತೋಟಾಕ್ಕೆ ಬಡಿಯುವ ಹ್ಯಾಮರನ್ನು ಹಿಂದಕ್ಕೆಳೆದು ಮೆಲ್ಲಗೆ ಇಳಿಸಿದ.

ಹ್ಯಾಮರಿನ ಮೊನೆ ತುಂಬಿದ ಮನೆಯ ಮೇಲೆ ಕೂತಿತು. ನನಗದು ಕೇಳಿಸಿತು.

ಹಳೇ ಕಾಲದ ರಿವಾಲ್ವರ್ ಅದು, ರಾಯ್ಸ್‌ನ ಅಪ್ಪನದು. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರ್ ಎಳೆಯಬೇಕು. ಇಳಿಸಿಟ್ಟಾಗ ಕೆಳಗೆ ತೋಟಾ ಇದ್ದರೆ ಒಂದು ಸಣ್ಣ ಪೆಟ್ಟಿಗೂ ಸಿಡಿಯುತ್ತದೆ. ಅದಕ್ಕೇ ನಮ್ಮ ಕಣಿವೆಯಲ್ಲಿ ಎಲ್ಲರೂ ಆ ಒಂದು ಮನೆಯನ್ನು ಖಾಲಿ ಬಿಡುತ್ತಾರೆ. ಒಂದು ತುಂಬು, ಒಂದು ಬಿಡು, ನಾಲ್ಕು ತುಂಬು: ಮಕ್ಕಳು ಹಲ್ಲುಜ್ಜುವುದನ್ನು ಕಲಿಯುವ ವಯಸ್ಸಿಗೇ ಇದನ್ನೂ ಕಲಿಯುತ್ತವೆ. ಆದರೆ ಅದು ಆರು ಮನೆಗಳ ಲೆಕ್ಕ. ಈ ರಿವಾಲ್ವರಿಗೆ ಈಗ ಇದ್ದದ್ದು ಐದು. ಐದು ಮಾಡಿದವಳು ನಾನು.

ಎದುರು ದಿನ್ನೆಯ ಮೇಲಿನ ಎಲ್ಕ್ ಜಿಂಕೆ ಒಂದೇ ಏಟಿಗೆ ಬೀಳಬೇಕು, ಮೇಲೆ ಬರುವ ಕರಡಿ ಅಲ್ಲೇ ಕೂರಬೇಕು, ಅಂಥ ಮದ್ದು ತಡೆಯುವ ಹಾಗೆ ಮಾಡಿಕೊಡು ಎಂದಿದ್ದ ರಾಯ್ಸ್. ಆರು ಮನೆ ಕೊರೆದರೆ ನಡುವಿನ ಗೋಡೆ ತೆಳುವಾಗುತ್ತದೆ, ಆ ಮದ್ದಿಗೆ ಒಡೆಯುತ್ತದೆ. ಗಟ್ಟಿ ಉಕ್ಕಿನಲ್ಲಿ ಐದೇ ಮನೆಯ ಹೊಸ ಸಿಲಿಂಡರ್ ಕಡೆದೆ, ಹೊಸ ನಳಿಗೆ ಕೂರಿಸಿದೆ. ನಾಲ್ಕು ತಿಂಗಳು ಹಿಡಿಯಿತು. ಹ್ಯಾಮರಿಗೂ ಒಂದು ತಡೆ ಹಾಕಿಕೊಡುತ್ತೇನೆ, ಬಿದ್ದರೂ ಸಿಡಿಯುವುದಿಲ್ಲ ಎಂದಿದ್ದೆ. ತನ್ನ ಅಪ್ಪ ಹೆಬ್ಬೆರಳಿಟ್ಟ ಜಾಗಕ್ಕೆ ಹೆಂಗಸಿನ ಅರ ತಾಗಬಾರದು ಎಂದಿದ್ದ ರಾಯ್ಸ್.

ಆ ಬೆಳಿಗ್ಗೆ ಅವನು ತೋಟಾ ಕೈಗೆ ತೆಗೆದುಕೊಂಡಾಗಲೂ ಹೇಳಹೋದೆ. "ರಾಯ್ಸ್, ಇದ್ರಲ್ಲಿ ಐದೇ ಮನೆ. ಒಂದು ಬಿಟ್ಮೇಲೆ ಮೂರೇ..."

ಅವನು ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನ ಕಡೆ ತಿರುಗಿದ. "ಏನೋ ಆರ್ಲೋ, ಹಾಸಿಗೇಲೂ ಹಿಂಗೇ ಎಣಿಸ್ತಾಳೇನೋ ಇವ್ಳು? ನಿನ್ ವಿಷಯದಲ್ಲಿ ಮೂರರವರೆಗೂ ಹೋಗ್ಬೇಕಾಗಿಲ್ಲ ಬಿಡು."

ಆರ್ಲೋ ನಕ್ಕ.

ರಾಯ್ಸ್ ಬೇಟೆಗಾರರನ್ನು ಬೆಟ್ಟಕ್ಕೆ ಕರೆದೊಯ್ಯುವವನು. ಆರ್ಲೋ ಹನ್ನೊಂದು ವರ್ಷಗಳಿಂದ ಅವನ ಹೇಸರಗತ್ತೆಗಳಿಗೆ ಹೊರೆ ಕಟ್ಟುವವನು. ರಾಯ್ಸ್ ತನ್ನ ಸತ್ತ ನಾಯಿಯ ಹೆಸರಿನಿಂದ ಅತಿಥಿಗಳ ಮುಂದೆ ಇವನನ್ನು ಕೂಗಿದಾಗ ನಕ್ಕಿದ್ದ. ಕಾಫಿ ಸರಿಯಿಲ್ಲವೆಂದು ಇವನ ಬೂಟಿನ ಮೇಲೆ ಸುರಿದಾಗಲೂ ನಕ್ಕಿದ್ದ. ಊರಿನ ಬಾರಿನಲ್ಲಿ ಮಾತ್ರ ಇವನಿಗೆ ಒಂದು ಜಂಬವಿತ್ತು, ಅದು ನನ್ನ ಕಿವಿಯದು. ನನ್ನ ಹೆಂಡತಿ ಪಕ್ಕದ ಕೋಣೆಯಲ್ಲಿ ಕೂತು, ಬರೀ ಟಿಕ್ ಕೇಳಿ, ಯಾವ ಮನೆ ಕೂದಲೆಳೆಯಷ್ಟು ಸೊಟ್ಟಗಿದೆ ಅಂತ ಹೇಳುತ್ತಾಳೆ ಎನ್ನುತ್ತಿದ್ದ. ರಾಯ್ಸ್‌ಗೂ ನೂರು ಸಲ ಹೇಳಿದ್ದ.

ಹ್ಯಾಮರ್ ಇಳಿದ ಮೇಲೂ ನಾನು ಬಾಯಿ ಮುಚ್ಚಿಕೊಂಡು ಕೈಗಂಟಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿಕೊಂಡೆ. ರಾಯ್ಸ್ ರಿವಾಲ್ವರನ್ನು ಒರೆಗೆ ಸೇರಿಸಿ ಸೊಂಟಕ್ಕೆ ಬಿಗಿದುಕೊಂಡ. ನಳಿಗೆಯ ಬಾಯಿ ಅವನ ಮೊಣಕಾಲಿನ ನೇರಕ್ಕಿತ್ತು. ಇರಲಿ ಅಂದುಕೊಂಡೆ.

ಅಂಗಳದಲ್ಲಿ ಹತ್ತು ಹೆಜ್ಜೆ ನಡೆದವನು ನಿಂತು ಬೆಲ್ಟ್ ಬಿಚ್ಚಿದ. "ಥೂ, ಭಾರ ಇದು. ತಗೊಳೋ ಆರ್ಲೋ, ಹೊರೋದಕ್ಕೇ ಹುಟ್ಟಿರೋನು ನೀನು."

ಆರ್ಲೋ ನಗುತ್ತಲೇ ಅದನ್ನು ಕಟ್ಟಿಕೊಂಡ.

ನಾನು ಕಿಟಕಿಯ ಬಳಿ ಇದ್ದೆ. ಸಮಯ ಬೇಕಾದಷ್ಟಿತ್ತು. ಎಂಟು ಹೇಸರಗತ್ತೆಗಳ ಹಗ್ಗ ಬಿಗಿಯುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಬಾಗಿಲು ತೆರೆದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ನಾನು ಹೇಳಿದರೆ ರಾಯ್ಸ್ ಇನ್ನೊಂದು ಮಾತು ಆಡುತ್ತಿದ್ದ, ಆರ್ಲೋ ಇನ್ನೊಮ್ಮೆ ನಗುತ್ತಿದ್ದ. ಆ ನಗು ಆವತ್ತು ಇನ್ನೊಂದು ಸಲ ನನಗೆ ಬೇಡವಾಗಿತ್ತು. ಆರ್ಲೋ ಕುದುರೆ ಹತ್ತಿ ಕಿಟಕಿಯ ಕಡೆ ನೋಡಿ ಕೈಯೆತ್ತಿದ. ಬಟ್ಟೆ ಹಿಡಿದ ಕೈಯನ್ನೇ ನಾನೂ ಎತ್ತಿದೆ.

ಮೂರನೇ ದಿನ ಹೊಳೆ ದಾಟುವಲ್ಲಿ ಆರ್ಲೋನ ಕುದುರೆಯ ಜೀನು ಸಡಿಲವಾಯಿತಂತೆ. ಇಳಿದು ಪಟ್ಟಿ ಬಿಗಿಯಲು, ಕಾಲಿಡುವ ರಿಕಾಪನ್ನು ಎತ್ತಿ ಜೀನಿನ ಮೇಲೆ ಸಿಕ್ಕಿಸಿ ಬಗ್ಗಿದ್ದಾನೆ. ಅದು ಜಾರಿ ನೇರವಾಗಿ ಸೊಂಟದ ರಿವಾಲ್ವರಿನ ಹ್ಯಾಮರಿನ ಮೇಲೆ ಬಿತ್ತು, ಗುಂಡು ಹಾರಿತು. ಕರಡಿಗೆಂದು ತುಂಬಿದ ಮದ್ದು. ಮೊಣಕಾಲಿನಿಂದ ಕೆಳಗೆ ಡಾಕ್ಟರಿಗೆ ಹೊಲಿಯುವುದಕ್ಕೆ ಏನೂ ಉಳಿದಿರಲಿಲ್ಲ. ಮಿಸ್ಸೂಲಾದ ಆಸ್ಪತ್ರೆಯಲ್ಲಿ ತೊಡೆಯ ನಡುವಿಗೆ ಕತ್ತರಿಸಿದರು.

ಮಾರ್ಚಿನಲ್ಲಿ ರಾಯ್ಸ್ ಮನೆಗೆ ಬಂದ. ಟೋಪಿ ಕೈಯಲ್ಲಿ, ಕಂಕುಳಲ್ಲಿ ಒಣಗಿಸಿದ ಎಲ್ಕ್ ಮಾಂಸದ ಪೊಟ್ಟಣ. ಅಡುಗೆಮನೆಯ ಮೇಜಿಗೆ ಕೂತು, ಷೆರಿಫನಿಗೆ ಹೇಳಿದ್ದನ್ನೇ ಆರ್ಲೋನಿಗೂ ಹೇಳಿದ. ಲೆಕ್ಕ ತಪ್ಪಿಸಿದ್ದು ತಾನೇ, ನಲವತ್ತು ವರ್ಷ ಆರು ಎಣಿಸಿದ ಕೈ, ಐದಕ್ಕೆ ನಿಲ್ಲಲಿಲ್ಲ. ಕ್ಯಾಂಪಿನಲ್ಲಿ ಅಡುಗೆ ಕೆಲಸ ಇದೆ, ಕೂತು ಮಾಡಬಹುದು, ಬೇಸಿಗೆಗೆ ಬಾ ಎಂದ. ಆರ್ಲೋ ತಲೆಯಾಡಿಸಿದ. ಹೊಸ ಕೃತಕ ಕಾಲು ಪಕ್ಕದ ಕುರ್ಚಿಗೆ ಒರಗಿತ್ತು. ಅದರ ಬಟ್ಟಲಿನ ಅಂಚು ತೊಡೆಗೆ ಉಜ್ಜಿ ದಿನಾ ರಕ್ತ ಬರುತ್ತಿತ್ತು.

ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ರಾಯ್ಸ್‌ಗೆ ಹಗುರವಾಗಿರಬೇಕು. ಕಾಫಿ ಹೀರಿ ನನ್ನ ಕಡೆ ನೋಡಿದ.

"ಆದ್ರೂ ಥೇಯಾ, ಪಕ್ಕದ ರೂಮಿಂದ ಕೇಳಿಸ್ಕೊಳ್ಳೋಳಲ್ವಾ ನೀನು? ಅವತ್ತು ನನ್ ಮೂಗಿನ ಮುಂದೇನೇ ನಿಂತಿದ್ಯಲ್ಲ. ಅವತ್ತೊಂದಿನ ಕಿವಿ ಏನು ಮೇಯೋಕೆ ಹೋಗಿತ್ತಾ?"

ತಾನೇ ನಕ್ಕ. ರೂಢಿಯಂತೆ ಆರ್ಲೋನ ಮುಖ ನೋಡಿ, ಅವನು ನಗಲೆಂದು ಕಾದ.

ಆರ್ಲೋ ನಗಲಿಲ್ಲ. ನನ್ನನ್ನು ನೋಡುತ್ತಿದ್ದ. ಮೊದಲು ಕಿವಿ, ಆಮೇಲೆ ಕೈ. ಕಿಟಕಿಯಲ್ಲಿ ಬಟ್ಟೆ ಹಿಡಿದಿದ್ದ ಕೈ.

ರಾಯ್ಸ್ ಟೋಪಿ ಹಾಕಿಕೊಂಡು ಹೊರಟ. ಅವನ ಗಾಡಿಯ ಸದ್ದು ತಿರುವಿನಾಚೆ ಅಡಗಿತು. ನಾನು ಕಾರ್ಖಾನೆಗೆ ಹೋಗಿ ಸಣ್ಣ ಅರ, ಉಪ್ಪುಕಾಗದ ತಂದೆ. ರಿವಾಲ್ವರಿನ ಹಿಡಿಗೆ ಅಳತೆ ತೆಗೆಯುವಾಗ ಗಿರಾಕಿಗಳ ಮುಂದೆ ಕೂರುವಂತೆ ಅವನ ಮುಂದೆ ಮಂಡಿಯೂರಿದೆ.

"ಕೊಡು ಇಲ್ಲಿ. ಅಂಚು ಎಲ್ಲಿ ಉಜ್ಜುತ್ತೆ ನಂಗೊತ್ತು. ಹತ್ತು ನಿಮಿಷ, ಆಮೇಲೆ ನೋವಿರಲ್ಲ."

ಆರ್ಲೋ ಕಾಲನ್ನು ಎಳೆದು ಮಡಿಲಲ್ಲಿಟ್ಟುಕೊಂಡ. ರಕ್ತ ಒಣಗಿದ್ದ ಆ ಅಂಚಿನ ಮೇಲೆ ಕೈ ಇಟ್ಟು ಮುಚ್ಚಿದ.

"ಬೇಡ," ಎಂದ.